ಕಾಕಿಯ ಮೊನಾಪಲಿ

ಮೊನ್ನೆ ಇಂಡಿಯಿಂದ ಸಿಂದಗಿಗೆ ಬರುವ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಲಿಂಬೆಹಣ್ಣಿನ ಚೀಲ ತಂದಿಟ್ಟರು. ಹಣ್ಣಿನ ಮೇಲೆ ಲಿಂಬೆಯ ಎಲೆ ಹಾಸಿ ಚೀಲದ ಬಾಯಿ ಹೊಲಿದಿದ್ದರು. ಬಸ್ಸು ಕುಲುಕಿದಾಗೆಲ್ಲ ಎಲೆ ಜಜ್ಜಿ ಘಮ್ಮೆಂದು ವಾಸನೆ ಬರುತ್ತಿತ್ತು. ಹಾಗೆ ಎಲೆ ಹಾಸಿ ಚೀಲ ಕಟ್ಟುವುದನ್ನು ನಾನು ಮೊದಲು ನೋಡಿದ್ದು ನಮ್ಮ ಬಾಜೂ ಮನೆಯ ಕಾಕಿಯ ಹತ್ತಿರ...

ಅದು ಎಪ್ಪತ್ತರ ದಶಕ. ಬಸವನ ಬಾಗೇವಾಡಿಯ ತವರಿನಿಂದ ಲಚ್ಯಾಣದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಬಿ.ಎ. ಮುಗಿಸಿದ್ದೆ, ಅದೂ ಅರ್ಥಶಾಸ್ತ್ರದಲ್ಲಿ. ನಾನು ಬಡಿದ ರೊಟ್ಟಿ ಹರಿದರೆ ಸಾಕು, ಇದನ್ನು ಬಿ.ಎ.ದಲ್ಲಿ ಕಲಿಸಲಿಲ್ಲವೇ ಎಂದು ಓಣಿಯೆಲ್ಲ ಕಾಡುತ್ತಿತ್ತು. ಕಾಡುವವರಲ್ಲಿ ಕಾಕಿಯೇ ಮುಂದು. ದೊಡ್ಡ ದನಿ, ಯಾರ ಮುಲಾಜೂ ಇಲ್ಲದ ಬಾಯಿ. ಆದರೆ ಹರಿದ ರೊಟ್ಟಿಯನ್ನು ಮೊದಲು ತಿನ್ನುತ್ತಿದ್ದವಳೂ ಅವಳೇ.

ಊರಿನ ಹೆಚ್ಚಿನ ಮನೆಯವರಿಗೆ ಬಾವಿಯ ದಂಡೆಯಲ್ಲಿ ನಾಲ್ಕಾರು ಲಿಂಬೆ ಗಿಡಗಳಿದ್ದವು. ಹಣ್ಣು ಕೊಳ್ಳಲು ಬರುತ್ತಿದ್ದವನು ಮಾತ್ರ ಒಬ್ಬನೇ ದಲಾಲ. ಸೋಲಾಪುರದಲ್ಲಿ ಈಗ ಲಿಂಬೆ ಕೇಳುವವರೇ ಇಲ್ಲ ಎಂದು ಮುಖ ಸಣ್ಣದು ಮಾಡಿ, ತನಗೆ ತಿಳಿದ ಬೆಲೆ ಹೇಳಿ, ಗಾಡಿ ತುಂಬಿಕೊಂಡು ಹೋಗುತ್ತಿದ್ದ. ಕಿತ್ತ ಹಣ್ಣು ಕಾಯುವುದಿಲ್ಲವಲ್ಲ, ಎಲ್ಲರೂ ಕೊಟ್ಟುಬಿಡುತ್ತಿದ್ದರು. ಒಂದು ಸಂಜೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ನಾನು ಇವನದು ಮೊನಾಪಲಿ ಎಂದೆ. ಹಾಗಂದರೇನು ಎಂದು ಕಾಕಿ ಕೇಳಿದಳು. ಪುಸ್ತಕದ ಮಾತಿನಲ್ಲಿ ಏಕಸ್ವಾಮ್ಯ, ಅಂದರೆ ಒಬ್ಬನದೇ ಯಜಮಾನಿಕೆ, ಎರಡನೆಯವರಿಗೆ ಜಾಗವಿಲ್ಲ ಎಂದೆ.

ಕಾಕಿಗೆ ಆ ಶಬ್ದ ಭಾರಿ ಹಿಡಿಸಿತು. ಕಾಳಿನ ಹತ್ತಿರ ಬೇರೆ ಕೋಳಿಗಳನ್ನು ಬಿಡದ ಹುಂಜಕ್ಕೆ ಮೊನಾಪಲಿ ಎಂದು ಬೈದಳು. ಬೀಸುಕಲ್ಲು ಬಿಟ್ಟೇಳದ ಸೊಸೆಗೂ ಅದೇ ಬೈಗುಳ. ವಾರದೊಳಗೆ ಓಣಿಯ ಮಕ್ಕಳು ಜೋಕಾಲಿಯ ಹತ್ತಿರ ಮೊನಾಪಲಿ ಮಾಡಬ್ಯಾಡಲೇ ಎಂದು ಜಗಳಾಡತೊಡಗಿದವು. ನನ್ನ ಬಿ.ಎ. ಊರಿಗೆ ಉಪಯೋಗವಾದದ್ದು ಅಷ್ಟೇ ಇರಬೇಕು.

ಆದರೆ ಕಾಕಿ ಬೈದು ಸುಮ್ಮನಾಗುವ ಪೈಕಿ ಅಲ್ಲ. ಸೋಲಾಪುರದಲ್ಲಿ ಲಿಂಬೆ ಕೇಳುವವರು ನಿಜಕ್ಕೂ ಇಲ್ಲವೇನು, ನೋಡೇ ಬರುತ್ತೇನೆ ಎಂದು ಎರಡು ಚೀಲ ಕಟ್ಟಿಕೊಂಡು ಲಚ್ಯಾಣದಲ್ಲಿ ರೈಲು ಹತ್ತಿಬಿಟ್ಟಳು. ಹೆಂಗಸು, ಒಬ್ಬಳೇ, ಮರಾಠಿ ಅರೆಬರೆ. ಊರು ನಕ್ಕಿತು. ಸಂಜೆ ಖಾಲಿ ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಅವಳು ಇಳಿದು ಬಂದಾಗ ನಕ್ಕವರೇ ತಮ್ಮ ಹಣ್ಣು ತಂದು ಅವಳ ಪಡಸಾಲೆಯಲ್ಲಿ ಸುರಿದರು. ಮುಂದೆ ದಲಾಲನ ಗಾಡಿ ನಮ್ಮೂರಿನ ದಾರಿ ಮರೆಯಿತು. ಸೋಲಾಪುರದ ಅಂಗಡಿಯವರು ಕಾಕಿಯನ್ನು ಲಿಂಬೂವಾಲಿ ಬಾಯಿ, ಲಿಂಬೆಯಮ್ಮ, ಎಂದು ಕರೆದು ಚಹಾ ಕುಡಿಸುತ್ತಿದ್ದರಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು... ಅವಳು ನನ್ನ ಬಾಜೂ ಮನೆಯವಳು ಎನ್ನುವುದೇ ನನಗೊಂದು ದೊಡ್ಡಸ್ತಿಕೆಯಾಗಿತ್ತು.

ಹಣ್ಣು ಆರಿಸುವುದರಲ್ಲಿ ಕಾಕಿ ಕಟ್ಟುನಿಟ್ಟು. ಸಿಪ್ಪೆ ದಪ್ಪಗಿದ್ದರೆ, ಹಣ್ಣು ಸಣ್ಣದಿದ್ದರೆ ಒಲ್ಲೆ ಎಂದು ಸರಿಸುತ್ತಿದ್ದಳು. ಒಂದು ದಿನ ಕುರಿ ಕಾಯುವವರ ಮನೆಯ ಸೊಸೆ ಬುಟ್ಟಿ ತಂದಳು. ಕಾಕಿ ಮುಕ್ಕಾಲು ಪಾಲು ಹಿಂದಕ್ಕೆ ಕೊಟ್ಟಳು. ಆ ಹುಡುಗಿ ಜಗಳ ತೆಗೆಯಲಿಲ್ಲ.

"ದಲಾಲ ಕಮ್ಮಿ ರೇಟಿಗಾದ್ರೂ ಒಯ್ತಿದ್ದ. ನೀ ಒಲ್ಲೆ ಅಂದ್ರ ಇನ್ನ ಯಾರ ಹತ್ರ ಹೋಗ್ಲಿ?" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಅಂದು ಸಂಜೆ ಕಾಕಿ ನಮ್ಮ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಮೊನಾಪಲಿ ಎಂಬ ಶಬ್ದ ಯಾವ ದೇಶದ್ದು, ಬಿಡಿಸಿ ಹೇಳು ಎಂದಳು. ಅದು ಗ್ರೀಕರದು, ಹಳೆಯದು, ಎರಡು ಶಬ್ದ ಕೂಡಿ ಆದದ್ದು, ಮೊದಲಿನದಕ್ಕೆ ಒಬ್ಬ ಎಂದರ್ಥ, ಎರಡನೆಯದಕ್ಕೆ ಮಾರುವುದು ಎಂದರ್ಥ ಎಂದು ಕಾಲೇಜಿನಲ್ಲಿ ಕೇಳಿದ್ದನ್ನೇ ಹೇಳಿದೆ. ನಿಜವಾಗಿ ಒಬ್ಬನೇ ಕೊಳ್ಳುವವನಿದ್ದರೆ ಅದಕ್ಕೆ ಬೇರೆ ಶಬ್ದವಿದೆ, ನಾವು ಬಾಯಿಮಾತಿಗೆ ಎಲ್ಲದಕ್ಕೂ ಇದನ್ನೇ ಅನ್ನುತ್ತೇವೆ ಎಂದೂ ಸೇರಿಸಿದೆ. ಕಾಕಿ ಒಲೆಯ ಕಟ್ಟಿಗೆಯನ್ನು ಒಳಗೆ ದೂಡಿದಳು.

"ಹಂಗಾದ್ರ ಈ ಊರಾಗ ಆ ಮಾತು ಅವಂಗ ಅಲ್ಲ, ನನಗ ಹತ್ತತೈತಿ," ಎಂದಳು.

ನಾನು ಸಮಾಧಾನ ಹೇಳಲು ಹೋದೆ. ಅವಳಿಗೆ ಬೇಕಾಗಿರಲಿಲ್ಲ. ಮರುದಿನ ಆ ಸೊಸೆಯ ಮನೆಗೆ ಹೋಗಿ, ಈ ವಾರ ಊರ ಹಣ್ಣು ನೀನೇ ಒಯ್ಯಬೇಕು ಎಂದಳು. ಊರು ಬೆಚ್ಚಿತು. ಆ ಹುಡುಗಿ ಸೋಲಾಪುರದಲ್ಲಿ ಮೋಸಹೋದರೆ ದಲಾಲ ಮತ್ತೆ ಬಂದು ಕೂಡುತ್ತಾನೆ, ಆಗ ಅವನು ಹೇಳಿದ್ದೇ ಬೆಲೆ. ಕಾಕಿ ಇಷ್ಟು ದಿನ ಕಟ್ಟಿದ್ದೆಲ್ಲ ಮಣ್ಣುಪಾಲು. ಹಿರಿಯರು ಬಂದು ಬೇಡವೆಂದರು.

"ಬಾವಿ ನೀರಿಗೆ ಪಾಳಿ ಐತಿಲ್ರಿ? ಸೋಲಾಪುರಕ್ಕೂ ಪಾಳಿ ಹಚ್ಚೂಣು," ಎಂದಳು ಕಾಕಿ. ಒಂದೇ ಬಾವಿಯ ನೀರನ್ನು ಅಣ್ಣತಮ್ಮಂದಿರು ಸರತಿಯಲ್ಲಿ ಹೊಲಕ್ಕೆ ಬಿಟ್ಟುಕೊಳ್ಳುವ ಊರು ಅದು. ಹಿರಿಯರು ಎದ್ದುಹೋದರು.

ಯಾವ ಅಂಗಡಿ, ಯಾರ ಮಾತು ನಂಬಬೇಕು, ಮರಾಠಿಯಲ್ಲಿ ಎಣಿಸುವುದು ಹೇಗೆ, ಎಲ್ಲವನ್ನೂ ಕಾಕಿ ಅವಳಿಗೆ ಕಲಿಸಿದಳು. ಆ ಹುಡುಗಿ ಮೊದಲ ಸಲ ಕಡಿಮೆ ಬೆಲೆಗೇ ಮಾರಿ ಬಂದಳು. ಸುದ್ದಿ ತಿಳಿದು ದಲಾಲ ಒಮ್ಮೆ ಇಣುಕಿಯೂ ಹೋದ. ಜನ ಗೊಣಗಿದರು. ಕಾಕಿ ತನ್ನ ಹಣ್ಣನ್ನೇ ಎಲ್ಲರಿಗಿಂತ ಮೊದಲು ಮತ್ತೆ ಅವಳ ಪಡಸಾಲೆಯಲ್ಲಿ ಸುರಿದು ಬಂದಳು. ಆಮೇಲೆ ಯಾರೂ ಗೊಣಗಲಿಲ್ಲ. ಎರಡನೆಯ ಸಲ ಆಕೆ ಕಾಕಿಯ ಬೆಲೆಯನ್ನೇ ತಂದಳು. ಮುಂದೆ ಮತ್ತೊಬ್ಬಳು, ಮಗದೊಬ್ಬಳು... ದಲಾಲ ತಿರುಗಿ ಬರಲಿಲ್ಲ.

ಕಾಕಿಗೆ ಆ ರೈಲು, ಆ ಚಹಾ, ಆ ಹೆಸರು ಎಷ್ಟು ಇಷ್ಟವಿದ್ದವು ಎಂದು ನನಗೆ ಗೊತ್ತಿತ್ತು. ತನ್ನ ಪಾಳಿ ಇಲ್ಲದ ದಿನ ರೈಲಿನ ಕೂಗು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗಳದಲ್ಲಿ ನಿಲ್ಲುತ್ತಿದ್ದಳು. ಕೂಗು ನಿಂತ ಮೇಲೆ ಒಳಗೆ ಹೋಗುತ್ತಿದ್ದಳು. ನಾವು ಊರು ಬಿಟ್ಟು ಸಿಂದಗಿಗೆ ಬಂದ ಕೆಲವು ವರ್ಷಗಳಿಗೆ ಅವಳು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲು ಆಗಲಿಲ್ಲ...

ಬಸ್ಸು ಸಿಂದಗಿ ಸಮೀಪಿಸಿತು. ಚೀಲದವಳು ಮೂವತ್ತರ ಆಸುಪಾಸಿನ ಹೆಂಗಸು. ಯಾವ ಊರು ಎಂದು ಕೇಳಿದೆ. ನಮ್ಮದೇ ಊರು, ನಮ್ಮದೇ ಓಣಿ. ಹಣ್ಣು ನಿಮ್ಮ ತೋಟದ್ದೇನು ಎಂದೆ.

"ನಮ್ಮವಷ್ಟ ಅಲ್ರಿ, ಓಣಿಯವರದ್ದೆಲ್ಲ ಅದಾವು. ಈ ವಾರ ಸಿಂದಗಿ ಸಂತಿಗೆ ನಮ್ಮ ಪಾಳಿ."

ಈ ಪಾಳಿ ಹಚ್ಚಿದವರು ಯಾರು ಎಂದು ಕೇಳಿದೆ.

"ಯಾರಿಗ್ಗೊತ್ರಿ. ಮೊದಲಿಂದ ಹಂಗಽ ಐತಿ."

ಅಷ್ಟೆಲ್ಲ ಮಾಡಿದವಳನ್ನು ಅವಳ ಓಣಿಯೇ ಮರೆತಿತ್ತು. ಕಾಕಿಯ ಹೆಸರು ಬಾಯಿಯವರೆಗೆ ಬಂತು. ಹೇಳಿದರೆ ಪಾಳಿ ಮತ್ತೆ ಒಬ್ಬಳದಾದೀತು ಎನಿಸಿ ಹೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿದ್ದರೂ ಮೈತುಂಬ ಹೆಮ್ಮೆಯಾಗಿತ್ತು. ನಿಲ್ದಾಣ ಬಂತು. ಚೀಲದ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವಳು ಹಿಡಿದಳು, ಇಬ್ಬರೂ ಸೇರಿ ಇಳಿಸಿದೆವು.