ಅವಳ ಕೆಟ್ಟ ಜೀನ್

ಪಕ್ಕದವರ ರೇಷ್ಮೆ ಸೀರೆ ಕಂಡು, ಒಳ್ಳೆಯ ಸೊಸೆ ಕಂಡು ಹೊಟ್ಟೆಕಿಚ್ಚು ಪಟ್ಟವರನ್ನು ನೋಡಿದ್ದೇನೆ. ಇನ್ನೊಬ್ಬರ ಕೆಟ್ಟುಹೋದ ಜೀನ್ ಕಂಡು ಹೊಟ್ಟೆ ಉರಿಸಿಕೊಂಡವಳು ಬಹುಶಃ ನಾನೊಬ್ಬಳೇ.

ಅವಳು ನಮ್ಮ ಮನೆ ಓನರ್, ನನಗಿಂತ ಚಿಕ್ಕವಳು. ನಮ್ಮ ಈ ಸಿಂಗಾಪುರ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಮೂರಂತಸ್ತಿನ ಕಟ್ಟಡವಿದೆ. ಮೇಲಿನ ಮನೆಯಲ್ಲಿ ನಾನಿದ್ದೇನೆ. ನಾನು ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿದವಳು, ಅವಳಿಗೆ ಇಂಗ್ಲಿಷ್ ಬಾರದು. ಇಬ್ಬರಿಗೂ ಕಣ್ಣಿನ ಕಾಯಿಲೆ ಮಾತ್ರ ಒಂದೇ. ಮೊದಲು ಇರುಳುಗಣ್ಣು, ಆಮೇಲೆ ಅಂಚಿನಿಂದ ನೋಟ ಕಿರಿದಾಗುತ್ತ ಬಂದು ಕೊನೆಗೊಂದು ದಿನ ಕತ್ತಲೆ. ಸದ್ಯಕ್ಕೆ ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು. ಹೆಬ್ಬಾಳದ ಕಡೆಯ ಬಸ್ಸು ಹತ್ತಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗುತ್ತಿದ್ದೆವು.

ಕಳೆದ ವರ್ಷ ಡಾಕ್ಟರು ಇಬ್ಬರಿಗೂ ಜೀನ್ ಪರೀಕ್ಷೆ ಮಾಡಿಸೋಣ ಎಂದಿದ್ದೇ ತಡ, ಅವಳು ಸೆಟೆದು ಕೂತಳು.

"ನಮ್ ವಂಸ್ದಾಗೆ ಜೀನ್ರು ಯಾರೂ ಇಲ್ಲ ಸಾರ್! ಬಂದೋರ್ಗೆಲ್ಲ ಉಂಡ್ಕೊಂಡೋಗಿ ಅಂತೀವಿ!"

ನನಗೆ ನಗು ತಡೆಯಲಾಗಲಿಲ್ಲ. ಇದು ಜಿಪುಣರಿಗೆ ಹೇಳುವ ಜೀನ ಅಲ್ಲ ಕಣೇ, ಅಪ್ಪ ಅಮ್ಮನಿಂದ ಮೈಯೊಳಗೆ ಬರುವ ಜೀನ್ ಎಂದು ದಾರಿಯುದ್ದಕ್ಕೂ ಬಿಡಿಸಿ ಹೇಳಿದೆ. ಅವಳ ಬಾಯಲ್ಲಿ ಅದು ಜೀನವಾಗಿಯೇ ಉಳಿಯಿತು.

ಫಲಿತಾಂಶ ಬಂತು. ಕಾಯಿಲೆ ಒಂದೇ ಆದರೂ ಕೆಟ್ಟಿರುವ ಜೀನ್ ಬೇರೆ ಬೇರೆಯಂತೆ. ಅವಳ ಜೀನನ್ನೇ ಗುರಿಯಿಟ್ಟು ಒಂದು ಔಷಧಿ ತಯಾರಾಗುತ್ತಿದೆ, ಖಾತ್ರಿಯೇನಿಲ್ಲ, ಆದರೆ ಪ್ರಯೋಗಕ್ಕೆ ಅವಳನ್ನು ಸೇರಿಸಿಕೊಳ್ಳಬಹುದು ಎಂದರು ಡಾಕ್ಟರು. ನನ್ನದಕ್ಕೆ?

"ಸದ್ಯಕ್ಕೆ ಅದಕ್ಕೆ ಯಾರೂ ಕೈ ಹಾಕಿಲ್ಲ ಮೇಡಂ."

ಅಲ್ಲ, ಕೆಡುವುದರಲ್ಲೂ ಅವಳೇ ಪುಣ್ಯವಂತೆಯೇ? ಮೂರಂತಸ್ತೂ ಅವಳಿಗೆ, ಔಷಧಿಯೂ ಅವಳಿಗೆ! ಮೈಯೆಲ್ಲ ಉರಿಯಿತು. ಅವತ್ತು ಬಸ್ಸಿನಲ್ಲಿ ನಾನು ಅವಳ ಕೈ ಹಿಡಿಯಲಿಲ್ಲ.

ಒಂದು ಬುಧವಾರ ಅವಳು ಮೆಟ್ಟಿಲು ತಡವುತ್ತ ಮೇಲೆ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅವರೆಕಾಳಿನ ಸಾರು.

"ಅಕ್ಕಾ, ಇಂಗ್ಲೀಸ್‌ನಾಗೆ ಏನೋ ಬಂದೈತೆ, ವಸಿ ಓದಿ ಏಳಿ."

ನಿಮ್ಮನ್ನು ಪ್ರಯೋಗಕ್ಕೆ ಆರಿಸಿದ್ದೇವೆ, ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಿ ಎಂದಿತ್ತು. ಮುಂದಿನದನ್ನು ನಾನು ಓದಲಿಲ್ಲ. ಕಣ್ಣು ಕಾಣದೆ ಅಲ್ಲ, ಓದಲು ಮನಸ್ಸಾಗದೆ.

"ಏನಿಲ್ಲ ಕಣೇ, ಕನ್ನಡಕದ ಅಂಗಡಿ ಜಾಹೀರಾತು" ಅಂದುಬಿಟ್ಟೆ.

"ಔದಾ" ಎಂದು ಸಾರಿನ ಪಾತ್ರೆ ಇಟ್ಟು ಇಳಿದುಹೋದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾನೇ ಆಗಿದ್ದೆ.

ಶುಕ್ರವಾರ ಬೆಳಿಗ್ಗೆ ಅವಳು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಪಕ್ಕದ ಚುಕ್ಕಿ ಕಾಣದೆ ಗೆರೆ ಎತ್ತಲೋ ಹೋಗುತ್ತಿತ್ತು. ನನ್ನ ಗೆರೆಯೂ ಹಾಗೇ ಹೋಗುತ್ತದೆ. ನೋಡುತ್ತ ನಿಲ್ಲಲಾಗಲಿಲ್ಲ.

"ಫೋನ್ ಕೊಡೇ ಇಲ್ಲಿ. ಮೊನ್ನೆ ಸರಿಯಾಗಿ ಓದ್ಲಿಲ್ಲ" ಎಂದೆ.

ಹೊಸಿಲ ಮೇಲೆ ಕೂತು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಕೊನೆಯ ಸಾಲನ್ನು ಎರಡು ಸಲ ಓದಿಕೊಂಡು ಆಮೇಲೆ ಹೇಳಿದೆ. 'ನಿಮ್ಮ ಜೊತೆ ಬರುವ ಅಕ್ಕನಿಗೂ ಈ ಔಷಧಿ ಕೊಡಿ ಎಂದು ನೀವು ಫೋನಿನಲ್ಲಿ ಪದೇ ಪದೇ ಕೇಳಿದ್ದೀರಿ. ಅವರ ಜೀನ್ ಬೇರೆಯಾದ್ದರಿಂದ ಸಾಧ್ಯವಿಲ್ಲ, ಕ್ಷಮಿಸಿ.'

ಅವಳು ಕೈಯಲ್ಲಿದ್ದ ರಂಗೋಲಿ ಪುಡಿ ಒದರಿ ಎದ್ದಳು.

"ಇಲ್ಲ ಅಂದ್ರಾ? ಒಂದಿಷ್ಟು ಔಸ್ದಿ ನಿಮ್ಗೂ ಕೊಟ್ರೆ ಇವ್ರ ಗಂಟೇನ್ ಓಗ್ತಿತ್ತು? ಎಂಥಾ ಜೀನ್ರು ಅಕ್ಕ ಇವ್ರು!"

ನಿಜವಾದ ಜೀನ ಯಾರೆಂದು ನನಗೆ ಗೊತ್ತಿತ್ತು. ಅವಳ ಒಪ್ಪಿಗೆಯನ್ನು ನಾನೇ ಟೈಪ್ ಮಾಡಿ ಕಳಿಸಿದೆ. ಹೊಟ್ಟೆಕಿಚ್ಚು ಆರಿತು ಎಂದರೆ ಸುಳ್ಳಾಗುತ್ತದೆ. ಈಗ ಅದು ಅವಳ ಜೀನ್ ಮೇಲಲ್ಲ, ಅವಳ ಮನಸ್ಸಿನ ಮೇಲೆ.