ಪಟ್ಟಿಯಲ್ಲಿ ಉಳಿದ ಹೆಸರು

ಅವಳನ್ನು ಮಣ್ಣು ಮಾಡಿ ಎರಡು ವಾರ ಕಳೆದಿತ್ತು. ಭಾನುವಾರದ ಆರಾಧನೆಯಲ್ಲಿ, ಕಾಯಿಲೆಯವರಿಗಾಗಿ ಪ್ರಾರ್ಥಿಸುವ ಹೊತ್ತಿಗೆ, ಟೀಚರಮ್ಮ ಎಂದಿನಂತೆ ಮುಂದೆ ನಿಂತು ಪಟ್ಟಿ ಓದಿದರು. ಏಳನೆಯದು ನನ್ನ ಹೆಂಡತಿಯ ಹೆಸರು. "ಕರ್ತನೇ, ಇವರಿಗೆಲ್ಲ ಪೂರ್ಣ ಸ್ವಸ್ಥತೆ ಕೊಡು" ಎಂದರು. ಸಭೆಯೆಲ್ಲ ಆಮೆನ್ ಎಂದಿತು. ಅಭ್ಯಾಸ ನೋಡಿ, ನಾನೂ ಆಮೆನ್ ಎಂದುಬಿಟ್ಟೆ. ಆಮೇಲೆ ಮೈಯೆಲ್ಲ ಉರಿಯಿತು.

ಆರಾಧನೆ ಮುಗಿದ ಮೇಲೆ ಚಪ್ಪಲಿ ಬಿಡುವ ಜಾಗದಲ್ಲಿ ಅವರನ್ನು ಹಿಡಿದೆ. ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು, ಯಾದವಗಿರಿಯಿಂದ ಆಟೋ ಮಾಡಿಕೊಂಡು ಬರುತ್ತಾರೆ. ಸಭೆಗೆಲ್ಲ ಅವರು ಟೀಚರಮ್ಮನೇ.

"ಏನ್ ಟೀಚರಮ್ಮ, ಮಣ್ಣಿಗೆ ನೀವೂ ಬಂದಿದ್ರಲ್ಲ. ಹೂವನ್ನೂ ಹಾಕಿದ್ರಿ."

"ಬಂದಿದ್ದೆ ಕಣಪ್ಪ. ಅಂಗಂತ ನಾನಾಗೇ ಎಂಗೆ ಹೆಸರು ಹೊಡೆದಾಕ್ಲಿ? ನೀನಿನ್ನೂ ಸಾಕ್ಷಿ ಹೇಳಿಲ್ವಲ್ಲ."

ನಮ್ಮ ಸಭೆಯಲ್ಲಿ ಅದೊಂದು ಪದ್ಧತಿ. ಪಟ್ಟಿಗೆ ಹೆಸರು ಸೇರಿಸಲು ಒಂದು ಚೀಟಿ ಸಾಕು. ತೆಗೆಯಬೇಕಾದರೆ ವಾಸಿಯಾದವರೇ ಮುಂದೆ ನಿಂತು, ದೇವರು ಒಳ್ಳೆಯದು ಮಾಡಿದ ಎಂದು ಸಾಕ್ಷಿ ಹೇಳಿ ಸ್ತೋತ್ರ ಸಲ್ಲಿಸಬೇಕು. ತೀರಿಹೋಗಿದ್ದರೆ ಅದೇ ಸಾಕ್ಷಿಯನ್ನು ಮನೆಯವರು ಹೇಳಬೇಕು. ಆಮೇಲೆಯೇ ಟೀಚರಮ್ಮ ಅಡಿಕೋಲು ಇಟ್ಟು ಕೆಂಪು ಇಂಕಿನಲ್ಲಿ ಗೆರೆ ಎಳೆಯುವುದು. ಹಿಂದೊಮ್ಮೆ ಯಾರದೋ ಮಾತು ಕೇಳಿ, ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿದ್ದ ಮುದುಕರೊಬ್ಬರ ಹೆಸರನ್ನು ಹೊಡೆದುಹಾಕಿದ್ದರಂತೆ. "ನಮ್ಮಪ್ಪನ್ನ ಸಾಯ್ಸೇಬುಟ್ರಾ?" ಎಂದು ಮಕ್ಕಳು ಜಗಳಕ್ಕೆ ಬಂದಿದ್ದರು. ಅಂದಿನಿಂದ ಪದ್ಧತಿ ಇನ್ನೂ ಗಟ್ಟಿಯಾಯಿತು.

ಹಾಗಾಗಿ ನನಗೆ ಇದ್ದದ್ದು ಎರಡೇ ದಾರಿ. ದೇವರು ಮಾಡಿದ್ದು ಒಳ್ಳೆಯದಾಯಿತು ಎಂದು ಎಲ್ಲರೆದುರು ಹೇಳಬೇಕು. ಇಲ್ಲವೆ ಸತ್ತ ಹೆಂಡತಿಗೆ ಸ್ವಸ್ಥತೆ ಬೇಡುವುದನ್ನು ವಾರವಾರವೂ ಕೇಳಿಸಿಕೊಳ್ಳಬೇಕು. ಮೂರನೆಯ ವಾರವೂ ಓದಿದರು. ಅಂದು ಹೊಸದಾಗಿ ಬಂದಿದ್ದವರೊಬ್ಬರು ಗೇಟಿನ ಬಳಿ ನನ್ನ ಕೈ ಹಿಡಿದು, "ಯಾವ ಆಸ್ಪತ್ರೇಲಿದ್ದಾರೆ ನಿಮ್ಮನೆಯವರು?" ಎಂದು ಕೇಳಿದರು. ನಾನು ಕೈ ಬಿಡಿಸಿಕೊಂಡು ಸ್ಕೂಟರ್ ಹತ್ತಿದೆ.

ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ದಟ್ಟಗಳ್ಳಿಯ ನಮ್ಮ ಮನೆಗೆ ಬಂದರು. ಇನ್ನೂ ಚಿಕ್ಕ ವಯಸ್ಸು. ನಾನೇ ಕಾಫಿ ಮಾಡಿಕೊಟ್ಟೆ. ಡಿಕಾಕ್ಷನ್ ಜಾಸ್ತಿಯಾಗಿ ಕಹಿಯಾಗಿತ್ತು.

"ದೇವರ ಉದ್ದೇಶ ನಮಗೆ ಈಗ ತಿಳಿಯಲ್ಲ ಬ್ರದರ್. ಆದ್ರೆ ಒಳ್ಳೇದೇ ಇರುತ್ತೆ."

"ಯಾರಿಗೆ ಒಳ್ಳೇದು ಅಯ್ಯನವರೇ?"

ಅವರು ಲೋಟದೊಳಗೆ ನೋಡಿದರು. "ಎರಡೇ ಮಾತು ಹೇಳಿ ಸಾಕು. ಒಂದು ನಿಮಿಷದ ಕೆಲಸ."

"ಆ ಎರಡು ಮಾತೇ ಬರ್ತಿಲ್ಲ."

ಪಾಪ, ಆ ಕಾಫಿಯನ್ನು ಪೂರ್ತಿ ಕುಡಿದು, ಪ್ರಾರ್ಥಿಸಿ ಹೋದರು. ಅವರ ಮೇಲೂ ನನಗೆ ಸಿಟ್ಟು ಬಂದಿತ್ತು. ಕಡಕೊಳದ ಕಾರ್ಖಾನೆಯಲ್ಲಿ ನಾನು ಯಂತ್ರ ರಿಪೇರಿ ಮಾಡುವವನು. ಕೆಟ್ಟು ನಿಂತ ಯಂತ್ರದ ಮುಂದೆ "ಸರಿಯಾಗಿದೆ" ಎಂದು ಬರೆದು ಸಹಿ ಹಾಕಿದರೆ ಅಂದೇ ಮನೆಗೆ ಕಳಿಸುತ್ತಾರೆ. ಇಲ್ಲಿ ಎಲ್ಲರೂ ಅಂಥದೇ ಸಹಿ ಕೇಳುತ್ತಿದ್ದಾರೆ ಎನಿಸುತ್ತಿತ್ತು. ಹಾಗೆಂದು ದೇವರು ಒಳ್ಳೆಯವನಲ್ಲ ಎಂದು ಬರೆಯಲೂ ಕೈ ಬರುತ್ತಿರಲಿಲ್ಲ. ಅವಳೊಡನೆ ಕಳೆದ ಇಪ್ಪತ್ತೆರಡು ವರ್ಷ ಮತ್ತೆ ಯಾರು ಕೊಟ್ಟದ್ದು?

ಕೊನೆಯ ತಿಂಗಳುಗಳಲ್ಲಿ ಅವಳಿಗೆ ಆರಾಧನೆಗೆ ಬರಲು ಆಗುತ್ತಿರಲಿಲ್ಲ. ನಾನು ಬಾಗಿಲು ತೆಗೆಯುತ್ತಿದ್ದಂತೆ ಮಂಚದಿಂದಲೇ ಕೇಳುವಳು: "ಇವತ್ತು ಎಷ್ಟನೇದು?" ಮೇಲಿನ ಹೆಸರಿನವರು ಗುಣವಾಗಿ ಸಾಕ್ಷಿ ಹೇಳಿದ ಹಾಗೆಲ್ಲ ಅವಳ ಹೆಸರು ಮೇಲೆ ಬರುತ್ತಿತ್ತು. ಹತ್ತೊಂಬತ್ತು, ಹದಿನಾಲ್ಕು, ಒಂಬತ್ತು. "ಬಡ್ತಿ ಸಿಗ್ತಾ ಅದೆ ಕಣ್ರೀ" ಎಂದು ನಗುವಳು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಅವರಿಗೆಲ್ಲ ವಾಸಿ ಮಾಡ್ತಾನೆ. ನಿನಗೇನ್ ಮಾಡಿದ?" ಎಂದು ಕೂಗಿಬಿಟ್ಟೆ.

ಅವಳು ಹೇಳಿದಳು: "ಆತ ಒಳ್ಳೇವನೇ. ನಂಗೆ ಇದು ಅರ್ಥ ಆಗ್ತಿಲ್ಲ. ಎರಡೂ ನಿಜ ಕಣ್ರೀ. ಈಗ ಕೂಗಾಡೋದು ಬುಟ್ಟು ಆ ದಿಂಬು ಒಂಚೂರು ಮೇಲಕ್ಕೆ ಸರಿಸಿ."

ನಾನು ದಿಂಬು ಸರಿಸಿದೆ.

ಐದನೆಯ ಭಾನುವಾರ ಅವಳ ಹೆಸರು ನಾಲ್ಕಕ್ಕೆ ಏರಿತ್ತು. ಸತ್ತ ಮೇಲೂ ಬಡ್ತಿ. ಹಿಂದಿನ ಬೆಂಚಿನಲ್ಲಿ ಕೂತಿದ್ದವನು ನನಗೇ ಗೊತ್ತಿಲ್ಲದೆ ಎದ್ದು ನಿಂತೆ. ಟೀಚರಮ್ಮ ಓದುವುದನ್ನು ನಿಲ್ಲಿಸಿದರು. ಮುಂದೆ ಹೋದೆ. ಮೈಕ್ ತೆಗೆದುಕೊಂಡೆ.

"ನನ್ನ ಹೆಂಡತಿಗೆ ವಾಸಿಯಾಗಲಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳಲ್ಲ. ದೇವರು ಒಳ್ಳೆಯವನು, ಇದು ಅರ್ಥವಾಗ್ತಿಲ್ಲ, ಎರಡೂ ನಿಜ ಅಂತ ಅವಳು ಹೇಳ್ತಿದ್ದಳು. ಎರಡನೇದು ನನಗೆ ಬಾಯಿಪಾಠ ಆಗಿದೆ. ಮೊದಲನೇದನ್ನ ನಾನು ಸದ್ಯಕ್ಕೆ ಅವಳ ಮಾತಿನ ಮೇಲೇ ನಂಬಿಕೊಂಡಿದ್ದೀನಿ. ಸ್ತೋತ್ರ ಹೇಳೋಕೆ ಇನ್ನೂ ಬಾಯಿ ಬರ್ತಿಲ್ಲ. ಅವಳ ಹೆಸರು ತೆಗೆದು ನನ್ನ ಹೆಸರು ಬರ್ಕೊಳ್ಳಿ."

ಸ್ತೋತ್ರವಿಲ್ಲದ ಸಾಕ್ಷಿಗೆ ಗೆರೆ ಎಳೆಯಬಹುದೇ ಎಂದು ಟೀಚರಮ್ಮ ಅಯ್ಯನವರ ಮುಖ ನೋಡಿದರು. ಅವರು ಹೂಂ ಎಂದು ತಲೆಯಾಡಿಸಿದರು. ಟೀಚರಮ್ಮ ಅಡಿಕೋಲು ಹುಡುಕಿದರು, ಸಿಗಲಿಲ್ಲ. ಕೈಯಲ್ಲೇ ಎಳೆದರು. ಗೆರೆ ಸೊಟ್ಟಗಾಯಿತು. ಆಮೇಲೆ ಪೆನ್ನು ಹಿಡಿದುಕೊಂಡು ಮೆಲ್ಲಗೆ, "ಕಾಯಿಲೆ ಏನಂತ ಬರೀಲಪ್ಪ?" ಎಂದರು.

"ಖಾಲಿ ಬುಡಿ ಟೀಚರಮ್ಮ."

ಮುಂದಿನ ಭಾನುವಾರ ನನ್ನ ಹೆಸರನ್ನು ಎಲ್ಲಕ್ಕಿಂತ ಕೊನೆಗೆ, ಕಾಲು ಮುರಿದುಕೊಂಡವರೊಬ್ಬರ ಹೆಸರಾದ ಮೇಲೆ ಓದಿದರು. ಹದಿನಾರನೆಯದು. ನಾನು ಆಮೆನ್ ಎನ್ನಲಿಲ್ಲ. ಉಳಿದವರೆಲ್ಲ ಎಂದರು.