ಬೇಲಿಯ ಬಸಳೆ

ಮಳೆಗಾಲ ಮುಗಿಯುವ ಹೊತ್ತಿಗೆ ಡೊಂಬಿವಲಿಯ ನಮ್ಮ ಸೊಸೈಟಿಯ ಹಿಂಬದಿ ಆಳೆತ್ತರದ ಕಾಡಾಗಿ, ಅಲ್ಲಿ ಹಾವೊಂದು ವಾಸ್ತವ್ಯ ಹೂಡಿದೆಯೆಂಬ ಸುದ್ದಿ ಲಿಫ್ಟಿನಲ್ಲಿ ಹತ್ತಿ ಇಳಿಯತೊಡಗಿತು. ಕಮಿಟಿ ಕೂಡಿತು. ಕಳೆನಾಶಕ ಹೊಡೆಸೋಣ ಎಂದರು. ಸೆಕ್ರೆಟರಿಯೆಂಬ ಗೌರವಾನ್ವಿತ ಪೀಡೆಯನ್ನು ಬಹುಕಾಲದಿಂದ ಹೊತ್ತಿರುವ ನಾನು ಎದ್ದು ನಿಂತು, "ವಿಷ ಬೇಡ, ಆಡು ಬಿಡೋಣ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಈ ಪರಿಸರಪ್ರೇಮದ ಬುಡದಲ್ಲಿದ್ದದ್ದು ಒಂದು ಬಸಳೆ ಬಳ್ಳಿ. ಉಡುಪಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೇಣುದ್ದದ ದಂಟನ್ನು ಅಮ್ಮ ಹಿಂದಿನ ತಂತಿಬೇಲಿಯ ಪಕ್ಕ ನೆಟ್ಟಿದ್ದಳು. ಮಂಡಿನೋವೆಂದು ದೇವಸ್ಥಾನಕ್ಕೂ ಹೋಗದವಳು, ಚೆಂಬು ಹಿಡಿದು ಅದಕ್ಕೆ ನೀರು ಹಾಕಲು ಮಾತ್ರ ದಿನಾ ಮೆಟ್ಟಿಲಿಳಿಯುತ್ತಿದ್ದಳು. ಆದರೆ ಸೊಸೈಟಿಯ ಜಾಗದಲ್ಲಿ ಯಾರೂ ಸ್ವಂತ ಗಿಡ ನೆಡಕೂಡದೆಂಬ ನೋಟೀಸಿನ ಕೆಳಗಿರುವುದು ನನ್ನದೇ ಸಹಿ. ಇಡೀ ಸೊಸೈಟಿ ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುವ ಮೂರನೇ ಮಹಡಿಯ ಹೆಂಗಸಿನ ಕರಿಬೇವನ್ನು ಆ ನೋಟೀಸಿನ ಬಲದಿಂದಲೇ ಕೀಳಿಸಿದ್ದೆ.

ಊರಿನಲ್ಲಿ ದನ ಕಟ್ಟುವಂತೆ ಆಡುಗಳನ್ನೂ ಗೂಟಕ್ಕೆ ಕಟ್ಟಿಸಿದರೆ ಬೇಲಿಯವರೆಗೆ ಬಾರವು ಎಂಬುದು ನನ್ನ ಲೆಕ್ಕಾಚಾರ. ಭಾನುವಾರ ಬೆಳಿಗ್ಗೆ ಎಂಟು ಆಡುಗಳೊಂದಿಗೆ ಬಂದ ಮುದುಕ ನಾನು ಚಾಚಿದ ಹಗ್ಗವನ್ನು ನೋಡಿ ನಕ್ಕ. "ಬಕ್ರೀ ಹೈ ಸಾಬ್, ಗಾಯ್ ನಹೀ." ದನವಲ್ಲ, ಆಡು ಎಂದು ಅವುಗಳನ್ನು ಕಟ್ಟದೆ ಹಾಗೆಯೇ ಬಿಟ್ಟ.

ಹತ್ತು ಗಂಟೆಗೆ ಅರ್ಧ ಕಾಡು ಅವುಗಳ ಹೊಟ್ಟೆಯಲ್ಲಿತ್ತು. ಆಗ ಕಂದು ಆಡೊಂದು ಬೇಲಿಗೆ ಮುಂಗಾಲಿಟ್ಟು ಎದ್ದು ನಿಂತಿತು. ಮುದುಕ ಕೋಲು ಅಡ್ಡ ಹಿಡಿದ; ಬಳ್ಳಿ ಯಾರೋ ನೆಟ್ಟದ್ದು, ಇವತ್ತು ನೀರೂ ಹಾಕಿದ್ದಾರೆ ಎಂಬುದು ಅವನ ಕಣ್ಣಿಗೆ ಬಿದ್ದಿತ್ತು.

"ಸಾಬ್, ಯೇ ತೋ ಕಿಸೀನೇ ಲಗಾಯಾ ಹೈ. ಆಜ್ ಪಾನೀ ಭೀ ಡಾಲಾ ಹೈ."

ಚಹಾ ಹೀರುತ್ತಿದ್ದ ಚೇರ್ಮನ್ನರು ಕನ್ನಡಕ ಸರಿಪಡಿಸಿಕೊಂಡರು. "ಕೋಣಾಚಂ ಆಹೇ ಹೋ?" ಯಾರದ್ದಿದು ಎಂದು ಮರಾಠಿಯಲ್ಲಿ ಕೇಳಿದರು. ಅವರ ಪಕ್ಕದಲ್ಲಿ ವಹಿನಿ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಮೊದಲ ಮಹಡಿಯ ನಮ್ಮ ಮನೆಯ ಗ್ಯಾಲರಿಯಿಂದ ಅಮ್ಮ ಕೂಗಿದಳು: "ಎಂತ ನೋಡ್ತಾ ನಿಂತದ್ದು ಮಾರಾಯ? ನಮ್ಮದು ಅಂತ ಹೇಳು!"

ಅಲ್ಲಿ ಬೇರಾರಿಗೂ ಕನ್ನಡ ಬಾರದು. ನಾನು ಮುದುಕನತ್ತ ತಿರುಗಿದೆ.

"ಕಿಸೀಕಾ ನಹೀ. ಜಂಗಲೀ ಹೈ."

ಯಾರದ್ದೂ ಅಲ್ಲದ ಕಾಡುಬಳ್ಳಿ ಎಂದ ಮೇಲೆ ಮುದುಕ ಕೋಲು ತೆಗೆದ. ಕಂದು ಆಡು ತುದಿಯಿಂದ ಆರಂಭಿಸಿ, ದಂಟನ್ನೂ ಬಿಡದೆ, ಯಾವ ಅವಸರವೂ ಇಲ್ಲದೆ ತಿಂದಿತು. ಚೇರ್ಮನ್ನರು ನನ್ನ ಕೈ ಕುಲುಕಿದರು. ಮೇಲೆ ಗ್ಯಾಲರಿಯ ಬಾಗಿಲು ಮುಚ್ಚಿಕೊಂಡಿತು. ಇಷ್ಟು ವರ್ಷ ಇಲ್ಲಿದ್ದು ಅಮ್ಮನಿಗೆ ಆ ನಾಲ್ಕು ಶಬ್ದದ ಹಿಂದಿ ಬಾರದಿದ್ದೀತೇ?

ಮಧ್ಯಾಹ್ನ ಬಸಳೆಯ ಜೊತೆ ಹಾಕಬೇಕೆಂದು ಬೇಯಿಸಿಟ್ಟಿದ್ದ ಹಲಸಿನ ಬೀಜವನ್ನಷ್ಟೇ, ಉಪ್ಪು ಹಾಕಿ, ನನ್ನ ಬಟ್ಟಲಿಗೆ ಬಡಿಸಿದಳು.

ಮರುದಿನ ಚೆಂಬು ತುಂಬಿ ಅವಳ ಮುಂದಿಟ್ಟೆ. "ಬುಡ ಉಳಿದಿದೆಯಮ್ಮ. ನೀರು ಹಾಕಿದ್ರೆ ಚಿಗುರ್ತದೆ."

"ಜಂಗಲಿಗೆ ಯಾರು ನೀರು ಹಾಕ್ತಾರೆ?" ಎಂದು ಟಿವಿ ಹಚ್ಚಿದಳು. ಅಂದಿನಿಂದ ಅವಳು ಮೆಟ್ಟಿಲಿಳಿದಿಲ್ಲ.

ನಾನೇ ಹೋಗಿ ಹಾಕಬಹುದು. ಆದರೆ ಮೂರನೇ ಮಹಡಿಯ ಹಿಂದಿನ ಕಿಟಕಿ ಈಗ ದಿನವಿಡೀ ತೆರೆದೇ ಇರುತ್ತದೆ.